ಪಾರ್ವತತ್ತೆಯ ಮಾತಿಗೊಂದು ಸಾಲು

ಲೇಸರ್ ಪ್ರಿಂಟರಿನಿಂದ ಆಗಷ್ಟೇ ಹೊರಬಂದ ಕಾಗದಕ್ಕೆ ಒಂದು ವಾಸನೆ ಇರುತ್ತದೆ. ಇಸ್ತ್ರಿ ಮಾಡಿದ ಬಟ್ಟೆಯ ವಾಸನೆಗೆ ಹತ್ತಿರದ್ದು, ಆದರೆ ಸ್ವಲ್ಪ ಕಹಿ. ಶಿರಸಿ ಪೇಟೆಯ ನನ್ನ ಡಿಟಿಪಿ ಅಂಗಡಿಯಲ್ಲಿ ದಿನವಿಡೀ ಅದು ಇದ್ದೇ ಇರುವುದರಿಂದ ಅದರ ಕಡೆ ಗಮನ ಹೋಗುವುದಿಲ್ಲ. ಮೊನ್ನೆ ಮಾತ್ರ ಹೋಯಿತು. ಕಾಲೇಜಿನ ಹುಡುಗಿಯೊಬ್ಬಳು ತನ್ನ ಪ್ರಬಂಧದ ಪ್ರತಿ ತೆಗೆಸಲು ಬಂದಿದ್ದಳು. ಮೊದಲ ಹಾಳೆಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದು, "ಬಿಸಿಬಿಸಿ ಇದ್ದು ಅಕ್ಕ" ಎಂದು ನಕ್ಕಳು. ಆ ಹಾಳೆಯಲ್ಲಿ ಒಂದರ ಕೆಳಗೊಂದು ಜೋಡಿಸಿದ ಉದಾಹರಣೆ ವಾಕ್ಯಗಳಿದ್ದವು. ಮಾತು, ಅದನ್ನು ಬಿಡಿಸಿದ ತುಂಡುಗಳು, ಕೊನೆಗೆ ಅರ್ಥ. ನೋಡಿದ್ದೇ ತಡ, ನಾನು ಅಂಥ ಸಾಲುಗಳ ನಡುವೆಯೇ ಕಳೆದ ಒಂದು ಚಳಿಗಾಲ ಕಣ್ಣಮುಂದೆ ಬಂದು ನಿಂತಿತು.

ನಾನು ಬನವಾಸಿ ಕಡೆಯವಳು. ಅಪ್ಪನದು ಅಲ್ಲಿ ಕಿರಾಣಿ ಅಂಗಡಿ. ಮದುವೆಯಾಗಿ ಶಿರಸಿಗೆ ಬಂದ ಮೇಲೆ ಟೈಪಿಂಗ್ ಕಲಿತು, ಪುಟ ಕಟ್ಟುವುದನ್ನು ಕಲಿತು, ಕೊನೆಗೆ ಸ್ವಂತ ಅಂಗಡಿ ಹಾಕಿದೆ. ಲಗ್ನಪತ್ರಿಕೆ, ಸೊಸೈಟಿಯ ವಾರ್ಷಿಕ ವರದಿ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ವೈಕುಂಠ ಸಮಾರಾಧನೆಯ ಕಾರ್ಡು, ಹೀಗೆ ಊರಿನವರ ಸುಖದುಃಖವೆಲ್ಲ ನನ್ನ ಟೇಬಲ್ಲಿನ ಮೇಲೆ ಹಾದುಹೋಗುತ್ತಿತ್ತು. ಎಲ್ಲದಕ್ಕೂ ಗೊತ್ತಿರುವ ಒಕ್ಕಣೆ, ಗೊತ್ತಿರುವ ಅಂಚು. ಹೆಸರು ಬದಲಾಯಿಸಿದರೆ ಕೆಲಸ ಮುಗಿಯಿತು.

ಆ ವರ್ಷ ಚಳಿ ಜೋರಿತ್ತು. ಬೆಳಿಗ್ಗೆ ಶಟರ್ ಎತ್ತುವಾಗ ಕಬ್ಬಿಣ ಕೈಯನ್ನು ಕಚ್ಚಿದಂತಾಗುತ್ತಿತ್ತು. ಮಂಜು ಹರಿಯುವ ಮೊದಲೇ ಅಡಿಕೆ ಚೀಲ ಹೇರಿಕೊಂಡ ಗಾಡಿಗಳು ಮಾರ್ಕೆಟ್ಟಿನ ಕಡೆ ಹೋಗುತ್ತಿದ್ದವು. ಅಂಥದೊಂದು ಬೆಳಿಗ್ಗೆ ಕಾಲೇಜಿನ ನಾರಾಯಣ ಸರ್ ಬಂದರು. ಸಿದ್ದಾಪುರ ಕಡೆಯವರು, ಕನ್ನಡ ಮತ್ತು ಭಾಷಾವಿಜ್ಞಾನ ಕಲಿಸುವವರು, ಮೆತ್ತಗೆ ಮಾತಾಡುವವರು. ಮಫ್ಲರು ಬಿಚ್ಚದೆಯೇ ಕುರ್ಚಿಯ ತುದಿಯಲ್ಲಿ ಕೂತರು.

"ಗಿರಿಜಾ, ಬೇರೆ ನಮೂನೆಯ ಕೆಲಸ ಒಂದಿದೆ. ಶಿವರಾತ್ರಿ ಕಳೆದ ಮೇಲೆ ನಮ್ಮಲ್ಲಿ ಭಾಷಾವಿಜ್ಞಾನದ ಸಮ್ಮೇಳನ. ಪ್ರಬಂಧಗಳನ್ನೆಲ್ಲ ಪುಸ್ತಕ ಮಾಡಿ ಉದ್ಘಾಟನೆ ದಿನವೇ ಕೊಡಬೇಕು ಅಂತ. ಆದರೆ ನೀವು ಲಗ್ನಪತ್ರಿಕೆ ಮಾಡೋ ಹಾಗೆ ಆಗೋದಿಲ್ಲ. ಇದಕ್ಕೆ ಅಂತಲೇ ಒಂದು ಟೆಂಪ್ಲೇಟ್ ಮಾಡಿಸಿದ್ದೇವೆ."

ಟೆಂಪ್ಲೇಟ್ ಮಾಡಿದವನು ರಫೀಕ್. ನಾರಾಯಣ ಸರ್ ಅವರ ಹಳೆಯ ವಿದ್ಯಾರ್ಥಿ, ಶಿರಸಿಯವನೇ. ಆಗ ಹೈದರಾಬಾದಿನಲ್ಲಿ ಸಂಶೋಧನೆ ಮಾಡುತ್ತಿದ್ದ. ಸಂಜೆ ಫೋನ್ ಮಾಡಿ ಪರಿಚಯ ಹೇಳಿಕೊಂಡ. "ಅಕ್ಕ, ಇದು ಚಕ್ಕುಲಿ ಒತ್ತಿದ ಹಾಗೆ. ಹಿಟ್ಟು ನೀವು ಹಾಕಿ, ಆಕಾರ ಅದೇ ಕೊಡ್ತದೆ."

ಹಾಗೆ ಕೇಳಲು ಸುಲಭವಿತ್ತು. ನಾನು ಅಲ್ಲಿಯವರೆಗೆ ಕಣ್ಣಿಗೆ ಕಂಡದ್ದನ್ನೇ ಎಳೆದು, ಹಿಗ್ಗಿಸಿ, ಕೂರಿಸಿ ಪುಟ ಮಾಡಿದವಳು. ಇಲ್ಲಿ ಬರೆಯುವುದು ಒಂದು, ಕಾಣುವುದು ಇನ್ನೊಂದು. ಇದು ಶೀರ್ಷಿಕೆ, ಇದು ಲೇಖಕರ ಹೆಸರು, ಇದು ಉದಾಹರಣೆ ಎಂದು ಪ್ರತಿಯೊಂದಕ್ಕೂ ಗುರುತು ಹಾಕಿ ಕೊಡಬೇಕು. ಎಷ್ಟು ದೊಡ್ಡ ಅಕ್ಷರ, ಎಷ್ಟು ಅಂಚು ಎನ್ನುವುದು ಟೆಂಪ್ಲೇಟಿನ ಪಾರುಪತ್ಯ. ಒಂದು ಆವರಣ ಚಿಹ್ನೆ ಮುಚ್ಚಲು ಮರೆತರೆ ಇಡೀ ಪ್ರಬಂಧ ಹೊರಗೆ ಬರಲು ಒಪ್ಪುತ್ತಿರಲಿಲ್ಲ. ತಪ್ಪು ಎಲ್ಲಿದೆ ಎಂದು ಇಂಗ್ಲಿಷಿನಲ್ಲಿ ಗೊಣಗುತ್ತಿತ್ತು, ಅದು ಹೇಳಿದ ಜಾಗದಲ್ಲಿ ತಪ್ಪು ಇರುತ್ತಲೂ ಇರಲಿಲ್ಲ. ಮೊದಲ ವಾರ ಕಂಪ್ಯೂಟರಿನ ಮುಂದೆ ಕೂತು ಅಳು ಬಂದದ್ದೂ ಉಂಟು.

ಆದರೆ ಉದಾಹರಣೆಗಳು ನನ್ನನ್ನು ಹಿಡಿದುಕೊಂಡವು. ಒಬ್ಬರು ಕರಾವಳಿಯ ಕೊಂಕಣಿಯ ಬಗ್ಗೆ ಬರೆದಿದ್ದರು, ಇನ್ನೊಬ್ಬರು ಧಾರವಾಡ ಕಡೆಯ ಮಾತಿನ ಬಗ್ಗೆ. ಎಲ್ಲರೂ ಜನ ಆಡಿದ ಮಾತನ್ನು ಮೊದಲ ಸಾಲಿನಲ್ಲಿ ರೋಮನ್ ಅಕ್ಷರದಲ್ಲಿ ಬರೆದು, ಎರಡನೇ ಸಾಲಿನಲ್ಲಿ ಪ್ರತಿ ಪದವನ್ನೂ ತುಂಡು ಮಾಡಿ ಆ ತುಂಡಿನ ಕೆಲಸ ಏನೆಂದು ಹೇಳಿ, ಮೂರನೆಯದರಲ್ಲಿ ಒಟ್ಟು ಅರ್ಥ ಕೊಡುತ್ತಿದ್ದರು. ಮೇಲಿನ ಪದದ ಕೆಳಗೇ ಅದರ ತುಂಡುಗಳು ಬಂದು ಕೂರುವಂತೆ ಟೆಂಪ್ಲೇಟ್ ತಾನೇ ಜೋಡಿಸುತ್ತಿತ್ತು. ಅದು ಸರಿಯಾಗಿ ಕೂತ ಮೊದಲ ಸಲ ನಾನು ಪ್ರಿಂಟ್ ತೆಗೆದು ಸುಮ್ಮನೆ ನೋಡುತ್ತ ಕೂತಿದ್ದೆ.

ಅದೇ ಹೊತ್ತಿಗೆ ಸಂತೆಗೆ ಬಂದಿದ್ದ ಅಪ್ಪ ಅಂಗಡಿಗೆ ಬಂದ. ಹಾಳೆಯನ್ನು ದೂರ ಹಿಡಿದು ನೋಡಿದ.

"ಏನವ್ವಾ ಇದು? ಮಾತನ್ನ ಬಿಡಿಸಿ ಹರವಿಟ್ಟಾರಲ್ಲ."

'ಬರ್ತೀನಿ' ಎನ್ನುವುದನ್ನು ತೋರಿಸಿ ಹೇಳಿದೆ. ಇಷ್ಟು ಭಾಗ ಬರುವ ಕೆಲಸ, ಇಷ್ಟು ಕಾಲ, ಕೊನೆಯದು ನಾನು.

ಅಪ್ಪ ಬಾಯಲ್ಲೇ ಹೇಳಿ ನೋಡಿಕೊಂಡ. "ಬರ್ತೀನಿ. ಹೌದಲ್ಲ, ನಾನು ಅಂತ ಬ್ಯಾರೆ ಹೇಳೂದು ಬ್ಯಾಡ. ಕಡೀಗೆ ನಾನು ಒಳಗ ಕುಂತೇ ಇದೀನಿ." ಬಸ್ಸಿಗೆ ಹೋಗುವವರೆಗೂ ಅಪ್ಪ ಹೋಗ್ತೀನಿ, ತಿಂತೀನಿ, ಕೊಡ್ತೀನಿ ಎಂದು ಒಂದೊಂದನ್ನೇ ಬಿಡಿಸುತ್ತಿದ್ದ. ಆಮೇಲೆ ನನಗೂ ಅದೇ ಚಟ ಹತ್ತಿತು. ಗಿರಾಕಿಗಳು ಏನೋ ಹೇಳುತ್ತಿದ್ದರೆ ನಾನು ಅವರ ಕ್ರಿಯಾಪದದ ಬಾಲ ನೋಡುತ್ತಿದ್ದೆ.

ಶಾರದಾ ಟೀಚರ್ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಸಿದ್ದಾಪುರ ತಾಲೂಕಿನ ಹೆಗ್ಗರಣೆಯಲ್ಲಿ ಹೈಸ್ಕೂಲಿನ ಕನ್ನಡ ಟೀಚರು. ಶಾಲೆ, ಮನೆ ಎರಡನ್ನೂ ನೋಡಿಕೊಂಡು ಪಿಎಚ್.ಡಿ. ಮಾಡುತ್ತಿದ್ದರು. ಈ ಪ್ರಬಂಧ ಅಚ್ಚಾಗದಿದ್ದರೆ ಅವರ ಕೆಲಸ ಮತ್ತೆ ಒಂದು ವರ್ಷ ಹಿಂದೆ ಬೀಳುತ್ತಿತ್ತು. ವಿಷಯ ಅವರ ಮನೆಮಾತು. ನಾನು ವರ್ಷಗಳಿಂದ ಶಿರಸಿಯಲ್ಲಿ ದಿನವೂ ಕೇಳುತ್ತಿದ್ದ, ಆಡಲು ಮಾತ್ರ ಬಾರದ 'ಆನು', 'ಇಲ್ಲೆ'ಗಳ ಕನ್ನಡ. ಉದಾಹರಣೆಗಳೆಲ್ಲ ಅವರ ತಂದೆಯ ಅಕ್ಕ, ಮಂಚಿಕೇರಿಯ ಪಾರ್ವತತ್ತೆ ಆಡಿದ ಮಾತುಗಳು. ಕೆಲವು ವರ್ಷದ ಹಿಂದೆ ಟೀಚರು ಅವರನ್ನು ಮಾತಾಡಿಸಿ ರೆಕಾರ್ಡ್ ಮಾಡಿಕೊಂಡಿದ್ದರು.

ಆ ಕೈಬರಹದಲ್ಲಿ ಒಂದು ವಿಶೇಷವಿತ್ತು. ಎಲ್ಲರೂ ಮೂರು ಸಾಲು ಕೊಟ್ಟಿದ್ದರೆ ಟೀಚರು ನಾಲ್ಕು ಸಾಲು ಬರೆದಿದ್ದರು. ಎಲ್ಲಕ್ಕಿಂತ ಮೇಲೆ, ಕನ್ನಡ ಅಕ್ಷರದಲ್ಲಿ, ಅತ್ತೆಯ ಮಾತು ಇಡಿಯಾಗಿ.

ನಾನು ಅದನ್ನು ಹಾಗೆಯೇ ಟೈಪ್ ಮಾಡಲು ಹೊರಟೆ. ಕೈ ಕೇಳಲಿಲ್ಲ. ಕಣ್ಣು 'ಆನು' ಓದುತ್ತಿತ್ತು, ಬೆರಳು 'ನಾನು' ಹೊಡೆಯುತ್ತಿತ್ತು. 'ಇಲ್ಲೆ' ಹೋಗಿ 'ಇಲ್ಲ' ಆಗುತ್ತಿತ್ತು. ಮೊದಲ ಕರಡು ನೋಡಿದ ಟೀಚರು ನಗತೊಡಗಿದರು. "ಗಿರಿಜಾ, ನೀನು ನಮ್ಮತ್ತೆನ್ನ ಶಾಲೆಗೆ ಹಾಕಿಬಿಟ್ಟಿದ್ದೀಯಲ್ಲೆ."

ಇಬ್ಬರೂ ಕೂತು ಸರಿಮಾಡಿದೆವು. ಆದರೆ ನಾರಾಯಣ ಸರ್ ಬಂದು ನೋಡಿದಾಗ ಆ ಮೇಲಿನ ಸಾಲಿನ ಮೇಲೆ ಬೆರಳಿಟ್ಟರು.

"ಇದು ತೆಗೀಬೇಕಲ್ಲ ಶಾರದಾ. ಎಲ್ಲರಿಗೂ ಒಂದೇ ನಿಯಮ. ಹೊರಗಿನ ವಿದ್ವಾಂಸರು ಓದಬೇಕು ಅಂತಲೇ ರೋಮನ್ ಇಟ್ಟದ್ದು. ಒಂದೊಂದು ಸಾಲು ಹೆಚ್ಚಾದ್ರೂ ಪುಟ ಎಷ್ಟಾಗ್ತದೆ ನೋಡಿ."

"ಪ್ರಬಂಧ ಕನ್ನಡದಲ್ಲಿದ್ದು ಸರ್. ಅತ್ತೆ ಮಾತು ಮಾತ್ರ ಬೇರೆ ಅಕ್ಷರದಲ್ಲಾ?"

"ಪದ್ಧತಿ ಹಾಗಿದೆ."

ಟೀಚರು ದನಿ ಏರಿಸಲಿಲ್ಲ. "ಹಾಗಾದ್ರೆ ನನ್ನ ಪ್ರಬಂಧ ಬಿಡಿ ಸರ್. ಆ ಸಾಲಿಲ್ಲದೆ ಅಚ್ಚು ಮಾಡ್ಸೂದು ನಂಗೆ ಬೇಡ." ಕೈಬರಹವನ್ನು ಚೀಲಕ್ಕೆ ಹಾಕಿಕೊಂಡು ಸಿದ್ದಾಪುರದ ಬಸ್ಸಿಗೆ ಹೊರಟೇಬಿಟ್ಟರು. ಸರ್ ಉಳಿದ ಕರಡುಗಳನ್ನು ಜೋಡಿಸಿಟ್ಟರು. ಆಮೇಲೆ ಅವರೂ ಹೋದರು.

ನನಗೆ ಆ ಹಟ ಅರ್ಥವಾಗಲಿಲ್ಲ. ಪದವಿಯನ್ನೇ ಪಣಕ್ಕಿಡುವಷ್ಟು ಏನಿದೆ ಆ ಒಂದು ಸಾಲಿನಲ್ಲಿ? ಅರ್ಥವಾಗದ್ದಕ್ಕೇ ಇರಬೇಕು, ತಲೆಯಿಂದ ಹೋಗಲೂ ಇಲ್ಲ. ಫೈಲು ಹೇಗೂ ನನ್ನ ಹತ್ತಿರ ಇತ್ತು. ರಫೀಕನಿಗೆ ಫೋನ್ ಮಾಡಿ, ನಾಲ್ಕನೇ ಸಾಲು ಹಾಕಲು ಆಗುತ್ತದೆಯೇ ಎಂದು ಕೇಳಿದೆ.

"ಟೆಂಪ್ಲೇಟಲ್ಲಿ ಅದಕ್ಕೆ ಜಾಗ ಮಾಡಿಲ್ಲ ಅಕ್ಕ," ಎಂದವನು ಸ್ವಲ್ಪ ತಡೆದು, "ಆದ್ರೆ ಮಾಡಿ ನೋಡುವ. ನಂಗೂ ನೋಡ್ಬೇಕು ಏನಾಗ್ತದೆ ಅಂತ" ಎಂದ.

ಏನೇನೋ ಆಯಿತು. ಮೊದಲು ಕನ್ನಡದಲ್ಲೇ ತುಂಡು ಮಾಡಲು ಹೋದೆವು. 'ಹೋಗ್ತೆ'ಯ ಕೊನೆಯ 'ಎ' ನಾನು ಎಂಬುದರ ಗುರುತು. ಅದನ್ನು ಬಿಡಿಸಲು ನಡುವೆ ಗೆರೆ ಹಾಕಿದರೆ ಏತ್ವ ಒಂಟಿಯಾಗಿ ಹೊರಬಿದ್ದು, ಹಿಡಿದುಕೊಳ್ಳಲು ಅಕ್ಷರ ಸಿಗದೆ ಚುಕ್ಕಿಗಳ ಒಂದು ಬಳೆಯನ್ನು ತಾನೇ ಹುಟ್ಟಿಸಿಕೊಂಡು ಅದರ ಮೇಲೆ ಕೂರುತ್ತಿತ್ತು. ಪುಟದ ತುಂಬ ಅಂಥ ಖಾಲಿ ಬಳೆಗಳು. ನಮ್ಮ ಲಿಪಿ ಮಾತನ್ನು ಎಷ್ಟು ಬಿಗಿಯಾಗಿ ಹೆಣೆಯುತ್ತದೆ ಎನ್ನುವುದು ಬಿಚ್ಚಲು ಹೋದಾಗಲೇ ನನಗೆ ತಿಳಿದದ್ದು. ಕೊನೆಗೆ ರಫೀಕ್ ಹೇಳಿದ: "ಟೀಚರು ಬರೆದದ್ದೇ ಸರಿ ಅಕ್ಕ. ಕನ್ನಡದಲ್ಲಿ ಇಡೀ ಪದ ಇರ್ಲಿ. ತುಂಡು ಮಾಡೋ ಕೆಲಸ ಕೆಳಗಿನ ಸಾಲಿಗೆ ಬಿಡುವ."

ಆಮೇಲೆ ಒತ್ತಕ್ಷರದ ಗಲಾಟೆ. 'ಬತ್ತೆ'ಯ ಒತ್ತು ಕೆಳಗೆ ಇಳಿದು ರೋಮನ್ ಅಕ್ಷರದ ತಲೆಯ ಮೇಲಿನ ಗೆರೆಗೆ ತಾಗುತ್ತಿತ್ತು. ಸಾಲು ದೂರ ಮಾಡಿದರೆ ನಾಲ್ಕೂ ಸಂಬಂಧವಿಲ್ಲದವರ ಹಾಗೆ ಬೇರೆಬೇರೆ ನಿಲ್ಲುತ್ತಿದ್ದವು. ಹತ್ತಿರ ತಂದರೆ ಮತ್ತೆ ಡಿಕ್ಕಿ. ಪುಟದ ಕೊನೆಯಲ್ಲಿ ಬಂದ ಉದಾಹರಣೆ ಒಡೆದು, ಮಾತು ಈ ಪುಟದಲ್ಲಿ, ಅರ್ಥ ಮುಂದಿನ ಪುಟದಲ್ಲಿ. ಮಧ್ಯಾಹ್ನ ಕರೆಂಟು ಹೋದಾಗ ಹಾಳೆಗಳನ್ನು ಬಾಗಿಲ ಬಿಸಿಲಿಗೆ ಹಿಡಿದು ಒತ್ತಿಗೂ ಗೆರೆಗೂ ನಡುವೆ ಬೆಳಕು ಹಾಯುತ್ತದೆಯೇ ಎಂದು ನೋಡುತ್ತಿದ್ದೆ. ಒಂದು ದಿನ ಹಾಯಿತು. ನಾಲ್ಕು ಸಾಲೂ ಒಂದು ಮನೆಯವರಂತೆ ಕೂತಿದ್ದವು.

ಆ ಹಾಳೆಯ ಫೋಟೋ ತೆಗೆದು ಟೀಚರಿಗೆ ಕಳಿಸಿದೆ. ಕೂಡಲೇ ಫೋನ್ ಬಂತು. ಸರ್ ಒಪ್ಪಿದರೇ ಎಂದು ಕೇಳುತ್ತಾರೆ ಅಂದುಕೊಂಡಿದ್ದೆ, ಕೇಳಲಿಲ್ಲ. "ಗಿರಿಜಾ, ಆದಿತ್ಯವಾರ ಆ ಹಾಳೆ ತಗೊಂಡು ನನ್ನ ಸಂಗಡ ಮಂಚಿಕೇರಿಗೆ ಬರ್ತೀಯಾ? ನಿಂಗೆ ಒಂದ್ ಸಲ ಅತ್ತೆನ್ನ ತೋರಿಸ್ತೇನೆ."

ಶಿರಸಿಯಿಂದ ಯಲ್ಲಾಪುರದ ಬಸ್ಸು ಹಿಡಿದು ಹೋದೆವು. ಮಂಚಿಕೇರಿಯಲ್ಲಿ ಇಳಿದು ನಡೆಯುವಾಗ ದಾರಿಯ ಮಾವಿನ ಮರಗಳೆಲ್ಲ ಹೂವು ಬಿಟ್ಟು ಕೆಂಪಗೆ ಕಾಣುತ್ತಿದ್ದವು. ಪಾರ್ವತತ್ತೆ ಅಂಗಳದ ಬಿಸಿಲಿನಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಟೀಚರು ತೀರ ಹತ್ತಿರ ಹೋಗಿ ಹೆಗಲು ಮುಟ್ಟಿದ ಮೇಲೆಯೇ ತಲೆ ಎತ್ತಿದ್ದು.

"ಅತ್ತೆಗೆ ಕಿವಿ ಹೋಯ್ದು," ಎಂದು ಟೀಚರು ನನಗೆ ಹೇಳಿದರು. "ನಾನು ರೆಕಾರ್ಡ್ ಮಾಡುವಾಗ ಚೊಲೋ ಕೇಳ್ತಿತ್ತು. ಆಮೇಲೆ ಒಂದು ಜ್ವರ ಬಂತು. ಈಗ ಏನೂ ಕೇಳೋದಿಲ್ಲ. ಯಂತ್ರ ಹಾಕಿ ನೋಡಿದ್ರು, ಅದೂ ಉಪಯೋಗ ಆಗಿಲ್ಲ."

ಒಳಗಿಂದ ಸೊಸೆ ಲಲಿತಕ್ಕ ಬಂದು, ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದ ಪಾಟಿ ತೆಗೆದು ಬಳಪದಲ್ಲಿ ಬರೆದರು. 'ಶಾರದಾ ಬಂದಿದ್ದಾಳೆ. ಇವರು ಶಿರಸಿಯ ಗಿರಿಜಾ. ನಿಮಗೂ ಚಹಾ ಬೇಕೇ?'

ಅತ್ತೆ ಓದಿದರು. ತಮ್ಮ ದನಿ ತಮಗೇ ಕೇಳದ ಕಾರಣ ಮಾತು ಜೋರಾಗಿತ್ತು. "ನೋಡಿದ್ಯನೇ ಶಾರದಾ? 'ನಿಮಗೂ ಚಹಾ ಬೇಕೇ' ಹೇಳಿ ಕೇಳ್ತು. ಮಗನೂ ಹಾಂಗೆ, 'ಊಟ ಮಾಡಿದಿರಾ' ಹೇಳಿ ಬರೀತ. ಎಲ್ಲ ಪುಸ್ತಕದ ಹಾಂಗೆ ಮಾತಾಡ್ತ. ಆನೆಂತ ಈ ಮನೆಗೆ ನೆಂಟ್ರಾ?"

ನಗುತ್ತಲೇ ಹೇಳಿದ್ದು. ಆದರೆ ಲಲಿತಕ್ಕನ ಮುಖ ಸಣ್ಣದಾಯಿತು. "ಎಂತ ಮಾಡದು ಹೇಳು ಶಾರದಾ. ಬಾಯಲ್ಲಿ 'ಆಯಿ', 'ನೀನು' ಹೇಳೇ ಬತ್ತು. ಬಳಪ ಹಿಡದ್ರೆ ಕೈ ಶಾಲೆಲಿ ಕಲ್ತಿದ್ದನ್ನೇ ಬರೀತು. ಮಾತಾಡ್ದಾಂಗೆ ಬರದ್ರೆ ತಪ್ಪು ಬರದಾಂಗೆ ಕಾಣ್ತು."

ನನಗೆ ನನ್ನ ಬೆರಳುಗಳ ನೆನಪಾಯಿತು. ಟೀಚರ ಹಟವೂ ಅಲ್ಲಿಯೇ ಅರ್ಥವಾಯಿತು. ಆ ಮನೆಯಲ್ಲಿ ಜನ ತುಂಬಿದ್ದರು. ಮಗ, ಸೊಸೆ, ಬಂದುಹೋಗುವವರು, ಎಲ್ಲರೂ ಅತ್ತೆಯನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಅವರ ಸುತ್ತ ಇಡೀ ದಿನ ಮನೆಮಾತು ಆಡುತ್ತಿತ್ತು. ಅವರಿಗೆ ತಲುಪುವಾಗ ಮಾತ್ರ ಅದು ಪಾಟಿಯ ಮೇಲೆ ಪಠ್ಯಪುಸ್ತಕದ ಕನ್ನಡವಾಗಿಬಿಡುತ್ತಿತ್ತು. ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ಭಾಷೆಯಲ್ಲಿ ಒಂದು ಮಾತೂ ಅವರಿಗೆ ಬಾರದೆ ಎರಡು ವರ್ಷದ ಮೇಲಾಗಿತ್ತು.

ಟೀಚರು ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಅತ್ತೆಗೆ ಕೊಟ್ಟರು. ಅವರು ಸೆರಗಿಗೆ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಮೇಲಿನ ಸಾಲಿಗೆ ಬೆರಳಿಟ್ಟು ಗಟ್ಟಿಯಾಗಿ ಓದಿದರು.

"ಆನು ನಾಳೆ ಪ್ಯಾಟೆಗೆ ಹೋಗ್ತೆ."

ಓದಿ ನಿಲ್ಲಿಸಿದರು. ಮತ್ತೆ ಒಂದು ಸಲ, ಈ ಸಲ ದನಿ ಇಲ್ಲದೆ, ತುಟಿಯಲ್ಲಿ ಓದಿದರು. "ಇದು ಯಾರು ಹೇಳಿದ್ದು?"

ಟೀಚರು ಅವರ ಕಡೆಗೇ ಬೆರಳು ತೋರಿಸಿದರು.

"ಆನಾ?" ಬೆರಳು ಕೆಳಗಿಳಿಯಿತು. "ಅಂವ ಇನ್ನೂ ಬೈಂದ್ನಿಲ್ಲೆ." ಸ್ವಲ್ಪ ಯೋಚನೆ ಮಾಡಿ, "ಹೌದು, ಅವತ್ತು ಯಮ್ಮನೆ ಮಾಣಿ ಯಲ್ಲಾಪುರಕ್ಕೆ ಹೋಗಿದ್ದ. ಎಷ್ಟೊತ್ತಾದ್ರೂ ಬರ್ಲೇ ಇಲ್ಲೆ. ನೀ ಆ ಮಿಷನ್ನು ಹಿಡ್ಕಂಡು ಕೂತಿದ್ದೆ. ಬಂದ, ಬಂದ, ಆಮೇಲೆ ಬಂದ" ಎಂದರು. ಮುಂದಿನದು 'ಮಜ್ಜಿಗೆ ಎಂತಕ್ಕೆ ಹುಳಿ ಆಯ್ದು?' ಅದನ್ನು ಓದಿ ನೇರ ಸೊಸೆಯ ಕಡೆ ತಿರುಗಿದರು. "ನೀ ಹೆಪ್ಪು ಹೆಚ್ಚು ಹಾಕಿದ್ದೆ, ಅದಕ್ಕೆ."

ಲಲಿತಕ್ಕ ನಕ್ಕರು. ಟೀಚರು ಎದ್ದು ಹೋಗಿ ಅಂಗಳದಾಚೆಯ ಹುಣಸೆಮರದ ಕಡೆ ಮುಖ ಮಾಡಿ ನಿಂತರು.

ಅತ್ತೆ ಹಾಳೆಯನ್ನು ಬಿಡಲಿಲ್ಲ. ಕೆಳಗಿನ ರೋಮನ್ ಸಾಲುಗಳನ್ನು ಉಗುರಿನಲ್ಲಿ ಕೆರೆದು, "ಇದೆಲ್ಲ ಎಂತ?" ಎಂದು ಕೇಳಿದರು. ಟೀಚರು ಬಂದು ಪಾಟಿ ಒರೆಸಿ ಬಳಪ ಹಿಡಿದರು. ಏನೋ ಬರೆಯಹೋಗಿ ಅಳಿಸಿದರು. ಆಮೇಲೆ ನಿಧಾನವಾಗಿ ಬರೆದರು: 'ಅದೂ ನಿನ್ನ ಮಾತೇಯ ಅತ್ತೆ. ಬಿಡ್ಸಿ ಇಟ್ಟಿದ್ದು.'

ಅತ್ತೆ ಪಾಟಿಯನ್ನು ನೋಡಿದರು, ಸೊಸೆಯನ್ನು ನೋಡಿದರು. "ಈ ಹುಣಸೇಹಣ್ಣಿನ ಹಾಂಗೆ?" ಎಂದು ತಮ್ಮ ಮುಂದಿನ ರಾಶಿ ತೋರಿಸಿದರು. ಬೀಜ ಒಂದು ಕಡೆ, ನಾರು ಒಂದು ಕಡೆ, ಹಣ್ಣು ಒಂದು ಕಡೆ ಇದ್ದವು. ಭಾಷಾವಿಜ್ಞಾನವನ್ನು ಅದಕ್ಕಿಂತ ಚೆನ್ನಾಗಿ ವಿವರಿಸಲು ನನಗಂತೂ ಆಗುತ್ತಿರಲಿಲ್ಲ. ಹೊರಡುವಾಗ ಹಾಳೆಯನ್ನು ವಾಪಸ್ ಕೇಳಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಮರುದಿನ ನಾರಾಯಣ ಸರ್ ಬೇರೆ ಕರಡು ನೋಡಲು ಬಂದಾಗ ಇನ್ನೊಂದು ಪ್ರತಿ ತೆಗೆದು ಅವರ ಮುಂದಿಟ್ಟೆ. ಮಂಚಿಕೇರಿಯಲ್ಲಿ ನೋಡಿದ್ದನ್ನು ನೋಡಿದ ಹಾಗೇ ಹೇಳಿದೆ. ಹಾಳೆ ಓದುವಾಗ ಸರ್ ಅವರ ತುಟಿ ಅಲುಗುವುದು ಕಾಣುತ್ತಿತ್ತು.

"ಶಾರದಾ ಇದನ್ನ ನಂಗೆ ಹೇಳ್ಳೇ ಇಲ್ಲವಲ್ಲ," ಎಂದರು.

"ಪ್ರಬಂಧಕ್ಕ ಅದನ್ನ ಕಾರಣ ಮಾಡಿ ಕೇಳೂದು ಸರಿ ಅಲ್ಲ ಅಂತ ಅವ್ರಿಗೆ ಅನ್ನಿಸಿರಬೇಕ್ರಿ ಸರ್."

"ಅದೂ ಹೌದು. ಒಬ್ಬರ ಮನೆ ಕಾರಣಕ್ಕೆ ನಿಯಮ ಬದಲಾಯಿಸೋದು ಕಷ್ಟ." ಕನ್ನಡಕ ತೆಗೆದು ಒರೆಸಿದರು. "ಆದರೆ ಆಡಿದವರು ತಮ್ಮ ಮಾತು ಓದಬಹುದಾದ ಹಾಗೆ ಇರಬೇಕು ಅನ್ನೋದು ಒಬ್ಬರ ಮನೆ ಕಾರಣ ಅಲ್ಲ. ಅದನ್ನೇ ನಿಯಮ ಮಾಡಬಹುದು. ಹಾಗೆ ಮಾಡಿದರೆ ಬೇಕು ಅಂದವರಿಗೆಲ್ಲ ಆ ಸಾಲು ಕೊಡಬೇಕಾಗ್ತದೆ ಗಿರಿಜಾ. ದಿನ ಕಡಿಮೆ ಇದೆ. ನಿಮ್ಮಿಂದ ಆಗ್ತದಾ?"

ಎದುರಿನ ಟೇಬಲ್ಲಿನಲ್ಲಿ ಲಗ್ನಪತ್ರಿಕೆಗಳ ರಾಶಿ ಬಿದ್ದಿತ್ತು. ಆಗುತ್ತದೆ ಎಂದು ಹೇಳಿದ ಮೇಲೆ ಅದರ ಕಡೆ ನೋಡಿದೆ.

ಮುಂದಿನ ದಿನಗಳು ಹೇಗೆ ಹೋದವೋ ತಿಳಿಯಲಿಲ್ಲ. ಹೊಸ ಲಗ್ನಪತ್ರಿಕೆಯವರನ್ನು ಪಕ್ಕದ ಅಂಗಡಿಗೆ ಕಳಿಸಿದೆ. ಸರ್ ಎಲ್ಲ ಲೇಖಕರಿಗೂ ಸುದ್ದಿ ಮುಟ್ಟಿಸಿದರು. ಕೆಲವರು ಬೇಡ ಎಂದರು. ಕೊಂಕಣಿಯವರು ಬೇಕು ಎಂದರು, ಧಾರವಾಡ ಮಾತಿನವರು ಬೇಕು ಎಂದರು, ಒಬ್ಬರು ಬೇಕು ಎಂದು ಆಮೇಲೆ ಬೇಡ ಎಂದು ಮತ್ತೆ ಬೇಕು ಎಂದರು. ರಜೆ ಹಾಕಿ ಶಿರಸಿಗೆ ಬಂದ ರಫೀಕ್ ನನ್ನ ಅಂಗಡಿಯಲ್ಲೇ ಕೂತ. ಒಂದು ಬೆಳಿಗ್ಗೆ ಅವನು ಏನೋ ಸುಧಾರಿಸಲು ಹೋಗಿ ಇಡೀ ಪುಸ್ತಕದ ಕನ್ನಡ ಚುಕ್ಕಿಬಳೆಗಳಾಗಿ ಹೋಯಿತು. ಇಬ್ಬರೂ ಮಧ್ಯಾಹ್ನದವರೆಗೆ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಬಿಡುವಿನಲ್ಲಿ ಅವನು ತನ್ನ ಮನೆಯ ಉರ್ದುವನ್ನು ನನಗೆ ಬಿಡಿಸಿ ತೋರಿಸುತ್ತಿದ್ದ. ಶಿರಸಿ ಪೇಟೆಯ ಉರ್ದುವಿನೊಳಗೆ ಎಷ್ಟು ಕನ್ನಡ ಕೂತಿದೆ ಎಂದು ಅವನಿಗೇ ಆಶ್ಚರ್ಯ. "ಮುಂದಿನ ಸಲ ನಮ್ಮ ಅಮ್ಮಿ ಮಾತಿನ ಮೇಲೆ ಬರೀತೇನೆ ಅಕ್ಕ. ಸಾಲು ನೀವೇ ಹಾಕಿಕೊಡ್ಬೇಕು" ಎಂದ.

ಟೀಚರು ಪ್ರಬಂಧ ವಾಪಸ್ ತಂದುಕೊಟ್ಟರು. ಸರ್ ಮತ್ತು ಅವರು ಎದುರುಬದುರಾದಾಗ ಇಬ್ಬರೂ ಆ ದಿನದ ಮಾತು ಎತ್ತಲಿಲ್ಲ. ಸರ್ ಮಾತ್ರ ಮೊದಲ ಸಲ ನನ್ನೆದುರಿಗೆ ಅವರೊಡನೆ ತಮ್ಮಿಬ್ಬರ ಮನೆಮಾತಿನಲ್ಲಿ ಮಾತಾಡಿದರು. "ಅತ್ತೆ ಹ್ಯಾಂಗಿದ್ದು?" ಎಂದು ಕೇಳಿದರು.

ಪುಸ್ತಕ ಹುಬ್ಬಳ್ಳಿಯಲ್ಲಿ ಅಚ್ಚಾಗಿ ಸಮ್ಮೇಳನದ ಬೆಳಿಗ್ಗೆಯೇ ಬಂತು. ನಾನು ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತು ಟೀಚರ ಮಂಡನೆ ಕೇಳಿದೆ. ಚರ್ಚೆಯಲ್ಲಿ ಅರ್ಧ ನನಗೆ ತಿಳಿಯಲಿಲ್ಲ. ಎದುರಿನ ಕುರ್ಚಿಯಲ್ಲಿದ್ದ ವಯಸ್ಸಾದ ವಿದ್ವಾಂಸರೊಬ್ಬರು ಕನ್ನಡ ಬಾರದವರು, ತಮಿಳಿನವರಿರಬೇಕು, ಪುಟದ ಮೇಲಿನ ಸಾಲಿನ ಮೇಲೆ ಬೆರಳಾಡಿಸುತ್ತ ಪಕ್ಕದವರನ್ನು ಕೇಳಿ ಕೇಳಿ ಒಂದೊಂದೇ ಅಕ್ಷರ ಗುರುತಿಸುತ್ತಿದ್ದುದು ನೆನಪಿದೆ.

ಆ ವಾರವೇ ನಾನು ಮತ್ತು ಟೀಚರು ಪುಸ್ತಕ ತೆಗೆದುಕೊಂಡು ಮಂಚಿಕೇರಿಗೆ ಹೋದೆವು. ಬಿಸಿಲು ಏರಿತ್ತು, ದಾರಿಯಲ್ಲಿ ಧೂಳು. ಅಂಗಳಕ್ಕೆ ಕಾಲಿಡುವ ಮೊದಲೇ ಪಾರ್ವತತ್ತೆಯ ದನಿ ಕೇಳಿಸಿತು. ಜಗಳದ ದನಿ. ನಾನು ಹಿಂದೆ ನಿಂತೆ. ಟೀಚರು ನನ್ನ ಕೈ ಹಿಡಿದುಕೊಂಡೇ ಒಳಗೆ ಹೋದರು.

ಜಗುಲಿಯಲ್ಲಿ ಅತ್ತೆ ಒಂದು ಕಡೆ, ಲಲಿತಕ್ಕ ಒಂದು ಕಡೆ. ಲಲಿತಕ್ಕನ ಕೈಯಲ್ಲಿ ಪಾಟಿ, ಅದರ ಮೇಲೆ ದೊಡ್ಡ ಅಕ್ಷರದಲ್ಲಿ: 'ಆಯಿ, ಸುಮ್ನೆ ಕೂತ್ಕ. ನಿಂಗೆಂತ ಗೊತ್ತಿದ್ದು?'

"ಯಂಗೆ ಗೊತ್ತಿಲ್ದೆ ನಿಂಗೆ ಗೊತ್ತಿದ್ದಾ?" ಅತ್ತೆ ಕೈ ಬೀಸುತ್ತಿದ್ದರು. "ಹಪ್ಪಳಕ್ಕೆ ಉಪ್ಪು ಎಷ್ಟು ಹಾಕದು ಹೇಳಿ ನೀ ಯಂಗೆ ಹೇಳ್ತ್ಯಾ?"

ಲಲಿತಕ್ಕ ಒರೆಸಿ ಮತ್ತೆ ಬರೆದರು. ಅತ್ತೆ ಅದು ಮುಗಿಯುವವರೆಗೂ ಕಾಯದೆ ಬಗ್ಗಿ ಓದಿ ಉತ್ತರ ಕೊಡುತ್ತಿದ್ದರು. ಆ ಎರಡು ವರ್ಷ ಆ ಮನೆಯಲ್ಲಿ ಅತ್ತೆಯ ಜೊತೆ ಯಾರೂ ಜಗಳವಾಡಿರಲಿಲ್ಲ ಎಂದು ಲಲಿತಕ್ಕ ಆಮೇಲೆ ಹೇಳಿದರು. "ಪುಸ್ತಕದ ಕನ್ನಡದಲ್ಲಿ ಜಗಳ ಹ್ಯಾಂಗೆ ಮಾಡದು? ಈಗ ದಿನಾ ಇದ್ದು," ಎಂದು ಹಣೆಯ ಬೆವರು ಒರೆಸಿಕೊಂಡರು. ಅವರ ಮುಖದಲ್ಲಿ ದಣಿವಿತ್ತು, ಬೇಸರ ಇರಲಿಲ್ಲ.

ಅತ್ತೆ ಪುಸ್ತಕ ತಿರುವಿ, ತಮ್ಮ ಪುಟಗಳನ್ನು ಕಂಡು, ಮುಚ್ಚಿ ಪಕ್ಕಕ್ಕೆ ಇಟ್ಟುಕೊಂಡರು. ಆಮೇಲೆ ನನ್ನನ್ನು ಹತ್ತಿರ ಕರೆದು ಪಾಟಿ ಕೊಟ್ಟರು. "ನೀನೂ ಎಂತಾದ್ರೂ ಮಾತಾಡು ತಂಗಿ. ಆ ದಿನ ಬಂದಾಗ್ಲೂ ಸುಮ್ನೇ ಕೂತಿದ್ದೆ."

ನಾನು 'ಅತ್ತೆ, ನೀವು ಹೇಗಿದ್ದೀರಿ?' ಎಂದು ಬರೆದೆ.

ಅವರು ಓದಿ, ತಲೆ ಅಲ್ಲಾಡಿಸಿ, ಅಂಗೈಯಿಂದ ಒರೆಸಿ ಪಾಟಿಯನ್ನು ವಾಪಸ್ ಕೊಟ್ಟರು. "ಇದು ಶಾಲೆದು. ನಿಮ್ಮನೆಲಿ ಹ್ಯಾಂಗೆ ಹೇಳ್ತ?"

ಬಳಪ ಹಿಡಿದು ಕೂತೆ. ಅಷ್ಟು ವರ್ಷ ಅಕ್ಷರದಲ್ಲೇ ಬದುಕಿದವಳು, ನಮ್ಮ ಮನೆಯ ಮಾತನ್ನು ಒಮ್ಮೆಯೂ ಬರೆದಿರಲಿಲ್ಲ. ಅಪ್ಪನಿಗೆ ಮೊಬೈಲಿನಲ್ಲಿ ಕಳಿಸುವ ಎರಡು ಸಾಲು ಕೂಡ ಅಚ್ಚಿನ ಕನ್ನಡದಲ್ಲೇ ಇರುತ್ತಿತ್ತು. ಮೊದಲ ಅಕ್ಷರ ಬರೆಯುವಾಗ ತಪ್ಪು ಮಾಡುತ್ತಿದ್ದೇನೆ ಎಂದು ಕೈ ತಡೆಯಿತು. ತಡೆದದ್ದನ್ನು ದಾಟಿ ಬರೆದೆ: 'ಅತ್ತೀ, ಆರಾಮ ಅದೀರೇನ್ರಿ?'

ಪಾರ್ವತತ್ತೆ ಪಾಟಿಯನ್ನು ಬೆಳಕಿಗೆ ಹಿಡಿದು, ಒಂದೊಂದೇ ಪದವನ್ನು ಗಟ್ಟಿಯಾಗಿ ಓದಿದರು. 'ಅದೀರೇನ್ರಿ' ಎನ್ನುವಾಗ ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದರು. ಕಿವಿ ಇದ್ದಾಗ ಬನವಾಸಿ ಕಡೆಯವರ ಮಾತು ಕೇಳಿದ್ದರು ಎಂದು ಕಾಣುತ್ತದೆ.

"ಆರಾಮ ಇದ್ದೆ," ಎಂದರು. "ಕೂತ್ಕ. ನಿಮ್ಮಪ್ಪ ಎಂತ ಮಾಡ್ತ?"